ಪೂರ್ವದ ಗೋಡೆ

ತೀರ್ಪಿನ ನಲವತ್ತೊಂದನೇ ಪ್ಯಾರಾಕ್ಕೆ ಬಂದಾಗ ಸ್ಪ್ರಿಂಗಮ್ಮ ಗಟ್ಟಿಯಾಗಿ ನಕ್ಕಳು. ವಕೀಲೆ ಕನ್ನಡಕದ ಮೇಲಿಂದ ನೋಡಿದರು.

"ಸೋತು ನಗೋರನ್ನ ಇವತ್ತೇ ನೋಡ್ತಿರೋದು."

"ಗೋಡೇನೂ ನೆಟ್ಟಗೆ ಬರೆದಿಲ್ಲ ಮೇಡಂ ಈ ಮಹಾನುಭಾವ. ಮೆಷಿನ್ ಪೂರ್ವದ ಗೋಡೆ ಹತ್ರ ಇದೆಯಂತೆ. ಪಶ್ಚಿಮದ ಗೋಡೆಗೆ ನಾನೇ ನಿಂತು ಕೂರಿಸಿದ್ದು."

ಆಸ್ಪತ್ರೆ ಮಂಚ ತಯಾರಿಸುವ ಆ ಕಂಪನಿ ಅಪ್ಪನದು. ಅಪ್ಪ ಹೋದ ಮೇಲೆ ಅಣ್ಣ, ತಂಗಿ ಇಬ್ಬರೂ ನಿರ್ದೇಶಕರು. ಸ್ಪ್ರಿಂಗ್ ವಿಭಾಗ ಹದಿನಾರು ವರ್ಷದಿಂದ ತಂಗಿಯದು; ಕೆಲಸಗಾರರು ಇಟ್ಟ ಹೆಸರೂ ಅದರಿಂದಲೇ ಅಂಟಿದ್ದು. ಅದನ್ನು ಮುಚ್ಚಬೇಕೆಂದು ಅಣ್ಣ ಹಟ ಹಿಡಿದ. ಜಗಳ ಬಂದರೆ ಮಧ್ಯಸ್ಥಗಾರರ ಮುಂದೆ ತೀರಿಸಿಕೊಳ್ಳಬೇಕೆಂದು ಕಂಪನಿಯ ಕರಾರಿನಲ್ಲೇ ಇತ್ತು. ಸದಾ ಬಿಳಿ ಟೋಪಿ ಹಾಕುವ ನಿವೃತ್ತ ಎಂಜಿನಿಯರೊಬ್ಬರು ಮಧ್ಯಸ್ಥಗಾರರಾಗಿ ಎಂಟು ತಿಂಗಳು ವಿಚಾರಣೆ ನಡೆಸಿದರು. ಸ್ಪ್ರಿಂಗ್ ಸುತ್ತುವ ಯಂತ್ರ ಪೂರ್ವದ ಗೋಡೆಯ ಬಳಿ ಟಾರ್ಪಾಲಿನ್ ಹೊದ್ದು ನಿಂತಿದೆ, ಕರೆಂಟಿನ ತಂತಿಯನ್ನೂ ಜೋಡಿಸಿಲ್ಲ, ವಿಭಾಗ ಸತ್ತಿದೆ ಎಂದು ಬರೆದು ಅಣ್ಣನ ಪರ ತೀರ್ಪು ಕೊಟ್ಟರು.

ಸ್ಪ್ರಿಂಗಮ್ಮ ಮೂರು ಕಟ್ಟು ಕಾಗದ ಮೇಜಿನ ಮೇಲಿಟ್ಟಳು. ಸ್ಪ್ರಿಂಗುಗಳ ಪರೀಕ್ಷೆಯ ವರದಿ, ಆಸ್ಪತ್ರೆಗಳ ಪತ್ರ.

"ಇವನ್ನ ವಾಪಸ್ ತಗೊಂಡು ಹೋಗಿ," ಎಂದರು ವಕೀಲೆ.

"ನಾನು ಸರಿ ಅಂತ ತೋರಿಸೋದು ಬೇಡ್ವಾ?"

"ಕೋರ್ಟಿಗೆ ಅದು ಬೇಕಿಲ್ಲಮ್ಮ. ಮಧ್ಯಸ್ಥಗಾರರು ತಪ್ಪು ತಿಳ್ಕೊಂಡ್ರೂ ತೀರ್ಪು ತೀರ್ಪೇ. ನಿಮ್ಮ ಮಾತು ಕೇಳದೆ ತೀರ್ಮಾನ ಮಾಡಿದ್ರೆ ಮಾತ್ರ ಕೋರ್ಟು ಕೈ ಹಾಕುತ್ತೆ."

"ಎಂಟು ತಿಂಗಳು ಕೇಳಿದ್ದಾರಲ್ಲ."

"ಅದೇ ನಮ್ಮ ಗ್ರಹಚಾರ."

ತೀರ್ಪು ರದ್ದು ಮಾಡಿ ಎಂದು ಕೋರ್ಟಿಗೆ ಅರ್ಜಿ ಹಾಕಲು ಒಂಬತ್ತು ದಿನ ಉಳಿದಿತ್ತು. ವಕೀಲೆ ಆ ಪ್ಯಾರಾವನ್ನು ಮತ್ತೊಮ್ಮೆ ಓದಿದರು. "ಪೂರ್ವದ ಗೋಡೆ ಅಂತ ಯಾರ ಹೇಳಿಕೆಯಲ್ಲಾದ್ರೂ ಇದೆಯಾ?"

ಇಬ್ಬರೂ ಮಧ್ಯಾಹ್ನದವರೆಗೆ ಕಡತ ತಿರುವಿದರು. ಅಣ್ಣನ ಹೇಳಿಕೆಯಲ್ಲಿ ಸಹ ಇರಲಿಲ್ಲ.

"ಹಾಗಾದ್ರೆ ಮಧ್ಯಸ್ಥಗಾರರಿಗೆ ಆ ಗೋಡೆ ಎಲ್ಲಿಂದ ಬಂತು?" ಎಂದರು ವಕೀಲೆ.

ಬೆಳಗ್ಗೆ ನಕ್ಕಿದ್ದ ಸ್ಪ್ರಿಂಗಮ್ಮನಿಗೆ ಈಗ ನಗು ಬರಲಿಲ್ಲ. ಕೊನೆಯ ವಿಚಾರಣೆಯ ಮರುದಿನದಿಂದ ಗೇಟಿನವನು ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಒಳಗಿನವರು ಫೋನ್ ಎತ್ತುತ್ತಿರಲಿಲ್ಲ. ಆದರೆ ಯಂತ್ರವನ್ನು ನಿಜಕ್ಕೂ ಪೂರ್ವಕ್ಕೆ ಸರಿಸಿದ್ದರೆ ಅದರ ಕೆಳಗೆ ಹೊಸ ಕಾಂಕ್ರೀಟ್ ಪೀಠ, ಅಂದರೆ ಬೆಡ್, ಹಾಕಿಸಿರಲೇಬೇಕು. ಕಾರ್ಖಾನೆಗೆ ಬೆಡ್ ಹಾಕುವವನು ಒಬ್ಬನೇ.

ಗಾರೆ ಮೇಸ್ತ್ರಿ ಯಾರದೋ ಮನೆಯ ಮೆಟ್ಟಿಲಿಗೆ ಸಿಮೆಂಟ್ ಸವರುತ್ತಿದ್ದ. ಅವಳನ್ನು ನೋಡಿದವನೇ ಕರಣೆ ಕೆಳಗಿಟ್ಟ.

"ನೀವು ಬರ್ತೀರ ಅಂತ ಗೊತ್ತಿತ್ತು ಅಕ್ಕ. ಬರದಿದ್ರೆ ಚೆನ್ನಾಗಿತ್ತು."

"ಮೆಷಿನ್ ಸರಿಸಿದ್ದಾರಾ?"

"ಹ್ಞೂಂ. ಪೂರ್ವಕ್ಕೆ. ಬೋಲ್ಟಿನ ಗುಂಡಿಗೆಲ್ಲ ಕಾಂಕ್ರೀಟ್ ತುಂಬಿ, ಹದಿನೈದು ದಿನ ಓಡಿಸಬೇಡಿ, ನೀರು ಬಿಡ್ಬೇಕು ಅಂದೆ. ಧೂಳು ಕೂರದಿರ್ಲಿ ಅಂತ ಟಾರ್ಪಾಲಿನ್ ನಾನೇ ಹೊದಿಸಿದ್ದು."

"ಯಾವತ್ತು?"

"ಬೆಡ್ ಮೇಲೇ ಇದೆ. ಹಸಿ ಇರುವಾಗ ಮೊಳೇಲಿ ತಾರೀಕು ಗೀಚ್ತೀನಿ. ಎಷ್ಟು ದಿನ ಒಣಗ್ತು ಅಂತ ತಿಳೀಬೇಕಲ್ಲ." ಅವನು ಫೋನ್ ತೆಗೆದು ಚಿತ್ರ ತೋರಿಸಿದ. ಕೊನೆಯ ವಿಚಾರಣೆ ಮುಗಿದು ಹನ್ನೊಂದು ದಿನ ಕಳೆದ ಮೇಲಿನ ತಾರೀಕು.

"ಇದನ್ನ ಕೋರ್ಟಿಗೆ ಬರೆದುಕೊಡ್ಬೇಕು."

"ನಿಮ್ಮಣ್ಣ ನನಗೆ ವರ್ಷವಿಡೀ ಕೆಲಸ ಕೊಡ್ತಾರೆ."

"ಗೊತ್ತು. ಬೇರೆ ಕೆಲಸ ಕೊಡಿಸ್ತೀನಿ ಅಂತ ಸುಳ್ಳು ಹೇಳಲ್ಲ. ಯಾವತ್ತು ಹಾಕಿದ್ರಿ ಅನ್ನೋದಷ್ಟೇ ಬರೆದುಕೊಡಿ."

ಅವನು ಅರ್ಧಕ್ಕೆ ನಿಂತ ಮೆಟ್ಟಿಲನ್ನು ಮುಗಿಸಿದ. ಅವಳು ನಿಂತೇ ಇದ್ದಳು.

"ಮೂರನೇ ದಿನ ನೀರು ಬಿಡೋಕೆ ಹೋದಾಗ ಬಿಳಿ ಟೋಪಿಯ ಹಿರಿಯರೊಬ್ಬರು ನಿಮ್ಮಣ್ಣನ ಜೊತೆ ನಿಂತು ನೋಡ್ತಿದ್ರು," ಎಂದ ಕೊನೆಗೆ. "ಅದನ್ನೂ ಬರ್ಕೊಳ್ಳಿ. ಬರೆಯೋದಾದ್ರೆ ಪೂರ್ತಿ ಬರೀಬೇಕು."

ಎಂಟನೇ ದಿನ ಅರ್ಜಿ ಬಿತ್ತು. ನ್ಯಾಯಾಲಯದಲ್ಲಿ ಅಣ್ಣನ ವಕೀಲರು ಮಧ್ಯಸ್ಥಗಾರರ ಆ ಭೇಟಿಯನ್ನು ಅಲ್ಲಗಳೆಯಲಿಲ್ಲ. "ಸುಮ್ಮನೆ ಹೋಗಿ ನೋಡಿದ್ದಾರೆ. ಕಂಡದ್ದನ್ನೇ ಬರೆದಿದ್ದಾರೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ."

"ಅರ್ಜಿದಾರರನ್ನು ಕರೆದಿದ್ದರೆ ಏನು ಹೇಳುತ್ತಿದ್ದರು?" ಎಂದು ನ್ಯಾಯಾಧೀಶರು ಕೇಳಿದರು.

ವಕೀಲೆ ಎದ್ದರು. "ಬೆಡ್ ಮುಟ್ಟಿ ನೋಡಿ, ಇನ್ನೂ ಹಸಿ ಇದೆ ಅನ್ನುತ್ತಿದ್ದರು, ಸ್ವಾಮಿ. ಯಂತ್ರ ಸತ್ತಿಲ್ಲ, ಕಾಂಕ್ರೀಟ್ ಗಟ್ಟಿಯಾಗಲೆಂದು ನಿಲ್ಲಿಸಿದ್ದಾರೆ ಅನ್ನುತ್ತಿದ್ದರು."

ವಾದ ಮುಗಿದ ಎರಡು ವಾರಕ್ಕೆ ಆದೇಶ ಬಂತು. ಒಬ್ಬರ ಬೆನ್ನ ಹಿಂದೆ ನೋಡಿದ್ದನ್ನು ಆಧರಿಸಿದ ತೀರ್ಪು ನಿಲ್ಲದು, ರದ್ದು. ವಿಭಾಗ ಉಳಿಯಬೇಕೋ ಬೇಡವೋ ಎಂಬುದನ್ನು ಹೊಸ ಮಧ್ಯಸ್ಥಗಾರರು ಮೊದಲಿಂದ ಕೇಳಲಿ.

ಅಣ್ಣ ಮೊಗಸಾಲೆಯಲ್ಲಿ ಅಡ್ಡ ಬಂದ. "ಗೆದ್ದೆ ಅಂದ್ಕೋಬೇಡ. ವಿಭಾಗ ನಿನ್ನದು ಅಂತ ಅವರೇನೂ ಹೇಳಿಲ್ಲ."

"ನಂಗೂ ಕಿವಿ ಕೇಳ್ಸುತ್ತಣ್ಣ."

"ಮತ್ತೆ ಎಂಟು ತಿಂಗಳು ಎಳೀತೀಯಾ? ಸುಸ್ತಾಗಲ್ವಾ ನಿಂಗೆ?"

"ಆಗುತ್ತೆ," ಎಂದಳು ಸ್ಪ್ರಿಂಗಮ್ಮ. ವಕೀಲೆಯ ಕಡೆ ತಿರುಗಿದಳು. "ಮೇಡಂ, ಹೊಸಬರು ಯಾರಾದ್ರೂ ಆಗ್ಲಿ. ಕಾರ್ಖಾನೆ ನೋಡೋಕೆ ಬರೋ ದಿನ ನಾನೂ ಒಳಗಿರ್ಬೇಕು ಅಂತ ಅವರಿಗೆ ಕೊಡೋ ಪತ್ರದ ಮೊದಲ ಸಾಲಲ್ಲೇ ಬರೀರಿ. ಇವತ್ತೇ."

ವಕೀಲೆ ಅಲ್ಲೇ ಬೆಂಚಿನ ಮೇಲೆ ಕೂತು ಪೆನ್ನು ತೆಗೆದರು.