ತಮ್ಮನ ಹೆಸರಿನ ಚರ್ಮ

ಅಣ್ಣನ ಗಲ್ಲಕ್ಕೆ ನೊರೆ ಹಚ್ಚಿ ತಮ್ಮ ಕತ್ತಿ ಎತ್ತಿದ. ಮಸಣಕ್ಕೆ ಒಯ್ಯುವ ಗಾಡಿ ಬರಲು ಇನ್ನೊಂದು ಗಂಟೆಯಿತ್ತು. ಮೂರು ದಿನದ ಗಡ್ಡದಲ್ಲಿ ಅಣ್ಣನನ್ನು ಕಳಿಸಲು ಅವನು ಸುತರಾಂ ಒಪ್ಪಿರಲಿಲ್ಲ. ಇಬ್ಬರೂ ಅವಳಿಗಳು. ಒಂದೇ ಸೆಲೂನಿನಲ್ಲಿ, ಅಕ್ಕಪಕ್ಕದ ಕುರ್ಚಿಗಳ ಹಿಂದೆ ಮೂವತ್ತು ವರ್ಷ ನಿಂತವರು. ಹನ್ನೊಂದು ವರ್ಷದ ಹಿಂದೆ ಅಣ್ಣನ ಬಲಗೈ ನಡುಗತೊಡಗಿತು, ಪಾರ್ಕಿನ್ಸನ್ ಅಂದರು. ಆಮೇಲೆ ಗಿರಾಕಿಗಳೆಲ್ಲ ತಮ್ಮನ ಕುರ್ಚಿಗೇ.

"ಸುಳ್ಳು ಅಂದ್ರೇನು ಅಂತಾನೇ ಗೊತ್ತಿರಲಿಲ್ಲ ಆ ಮನುಷ್ಯನಿಗೆ," ಬಾಗಿಲ ಬಳಿ ಚಪ್ಪಲಿ ಅಂಗಡಿಯವನು ಯಾರಿಗೋ ಹೇಳುತ್ತಿದ್ದ. ತಮ್ಮ ತಲೆ ಎತ್ತಲಿಲ್ಲ.

ಗಡ್ಡ ಮುಗಿಯುವಷ್ಟರಲ್ಲಿ ಪ್ರಯೋಗಾಲಯದ ಡಾಕ್ಟರಮ್ಮ ಬಂದರು. ಅಣ್ಣನ ತೋಳಿನಿಂದ ಬೇಳೆಯಷ್ಟು ಚರ್ಮ ತೆಗೆದು, ಅದರ ಜೀವಕೋಶಗಳನ್ನೇ ನೇರವಾಗಿ ಮೆದುಳಿನ ನರಕೋಶಗಳಾಗಿ ಮಾರ್ಪಡಿಸಿದವರು. ಅತ್ತಿಗೆಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ತಮ್ಮನನ್ನು ಪಕ್ಕಕ್ಕೆ ಕರೆದರು.

"ಇವತ್ತು ಕೇಳಬಾರದು. ಆದ್ರೂ... ನಿಮ್ಮ ಕೈ ಹೇಗಿದೆ?"

"ನೋಡಿದ್ರಲ್ಲ, ಗಟ್ಟಿಯಾಗಿದೆ."

"ನಿಮ್ಮಿಬ್ಬರ ಒಳಗಿನ ಜೀನುಗಳ ಪುಸ್ತಕ ಒಂದೇ. ಯಾವ ಸಾಲು ಓದಬೇಕು, ಯಾವುದು ಬಿಡಬೇಕು ಅಂತ ಬದುಕು ಅದರಲ್ಲಿ ಗುರುತು ಹಾಕ್ತಾ ಹೋಗುತ್ತೆ. ಅದು ಬೇರೆ ಬೇರೆ ಇರಬೇಕಿತ್ತು. ನೀವು ಕೊಟ್ಟ ಚರ್ಮದ ನರಕೋಶದಲ್ಲೂ ಅವರದ್ದೇ ಗುರುತು, ಚಾಚೂ ತಪ್ಪದೆ. ಮುಂದಿನ ವಾರ ವಿಜ್ಞಾನ ಪತ್ರಿಕೆಗೆ ಹಾಗೇ ಬರೆದು ಕಳಿಸ್ತಿದ್ದೀವಿ. ನೀವೂ ಬೇಗ ಬಂದು ಪರೀಕ್ಷೆ ಮಾಡಿಸ್ಕೊಳ್ಳಿ."

ತಮ್ಮ ಕತ್ತಿಯನ್ನು ಒರೆಸಿ ಮಡಚಿದ.

*

ಐದು ವರ್ಷದ ಹಿಂದೆ ಡಾಕ್ಟರಮ್ಮ ತಮ್ಮನ ಚರ್ಮವನ್ನೂ ಕೇಳಿದ್ದರು. ಕಾಯಿಲೆ ಬಂದವನದ್ದರ ಪಕ್ಕ ಬಾರದವನದ್ದನ್ನು ಇಟ್ಟು ನೋಡಬೇಕಂತೆ. ಇವನು ಮೂರು ಸಲ ಹೊರಟ, ಮೂರು ಸಲವೂ ಬಸ್ ಸ್ಟಾಪಿನಿಂದ ವಾಪಸ್ ಬಂದ.

"ದಿನಾ ಊರೋರ ಕುತ್ತಿಗೆ ಮೇಲೆ ಕತ್ತಿ ಆಡಿಸ್ತೀಯ, ಒಂದು ಸೂಜಿಗೆ ಹೆದರ್ತೀಯಲ್ಲೋ," ಅಂದ ಅಣ್ಣ.

"ಸೂಜಿಗಲ್ಲಣ್ಣ. ನಂಗೂ ಇದೆ ಅಂತ ಬಂದ್ರೆ?"

ಅಣ್ಣನ ಮುಖ ಆಗಲೇ ನಗುವುದನ್ನು ಮರೆತಿತ್ತು. ಕಣ್ಣು ಮಾತ್ರ ನಕ್ಕಿತು. "ನಿನ್ನ ಅಂಗಿ ಕೊಡು, ನಾನೇ ಹೋಗಿ ಬರ್ತೀನಿ. ಈ ಸಲ ಎಡತೋಳು ಕೊಟ್ರಾಯ್ತು. ಹೆತ್ತಮ್ಮನೇ ಒಬ್ಬನಿಗೇ ಎರಡು ಸಲ ಊಟ ಹಾಕಿ ಇನ್ನೊಬ್ಬನ್ನ ಉಪವಾಸ ಕೆಡವಿದ್ಲು. ಆ ಹೊಸ ನರ್ಸ್‌ಗೇನು ಗೊತ್ತಾಗುತ್ತೆ?"

ಮಾತ್ರೆ ನುಂಗಿ, ಬಲಗೈಯನ್ನು ಜೇಬಿಗೆ ತುರುಕಿಕೊಂಡು ಹೋದ. ಇದರಿಂದ ಯಾರ ಗಂಟೂ ಹೋಗುವುದಿಲ್ಲ ಅಂತ ಇಬ್ಬರೂ ಅಂದುಕೊಂಡಿದ್ದರು.

*

ಬಾಯಿ ಬಿಟ್ಟರೆ ಇವತ್ತೇ, ಇಷ್ಟು ಜನರೆದುರು, ಅಣ್ಣನನ್ನು ಸುಳ್ಳುಗಾರ ಮಾಡಿದಂತೆ. ಬಿಡದಿದ್ದರೆ ಅಣ್ಣ ಕೊಟ್ಟಿದ್ದೆಲ್ಲ ಮಣ್ಣುಪಾಲು. ತಮ್ಮ ಒಮ್ಮೆ ಆ ನುಣ್ಣನೆಯ ಗಲ್ಲ ನೋಡಿದ.

"ಆ ಎರಡನೇ ಚರ್ಮ ನಂದಲ್ಲ." ದನಿ ಜೋರಾಗಿಯೇ ಬಂತು, ಬಾಗಿಲಲ್ಲಿದ್ದವರ ಮಾತು ನಿಂತಿತು. "ಅದೂ ಅಣ್ಣಂದೇ. ನಾನು ಪುಕ್ಕಲ, ನನಗೋಸ್ಕರ ಹೋದ."

ಡಾಕ್ಟರಮ್ಮ ಗೋಡೆಗೆ ಒರಗಿದರು. "ಐದು ವರ್ಷದ ಕೆಲಸ," ಅಂದರು.

"ಇವತ್ತೇ ತಗೊಳ್ಳಿ. ಅಣ್ಣನ್ನ ಕಳಿಸಿ ನೇರ ಅಲ್ಲಿಗೇ ಬರ್ತೀನಿ."

"ಇವತ್ತು ಬೇಡ. ಮನೇಲಿ ಇಷ್ಟೆಲ್ಲ..."

"ನಾಳೆ ಅಂದ್ರೆ ಮತ್ತೆ ಬಸ್ ಸ್ಟಾಪಿಂದ ವಾಪಸ್ ಬರ್ತೀನಿ. ನನ್ನ ಹಣೆಬರಹ ನಂಗೊತ್ತಿಲ್ವಾ?"

"ನಾನು ಕರ್ಕೊಂಡು ಬರ್ತೀನಿ," ಅಂದಳು ಅತ್ತಿಗೆ. ತಮ್ಮ ಬೆರಗಾಗಿ ತಿರುಗಿದ. "ಏನು ನೋಡ್ತೀಯ? ಎರಡೂ ತೋಳಿನ ಪಟ್ಟಿ ಬಿಚ್ಚಿದವಳು ನಾನೇ ಅಲ್ವಾ?"

ಸಂಜೆ ನಾಲ್ಕಕ್ಕೆ, ಚಪ್ಪಲಿಯಲ್ಲಿ ಇನ್ನೂ ಅಣ್ಣನನ್ನು ಹೂಳಿದ ಗುಂಡಿಯ ಮಣ್ಣಿರುವಾಗಲೇ, ತಮ್ಮ ಪ್ರಯೋಗಾಲಯದಲ್ಲಿ ತೋಳು ಚಾಚಿದ. ಬೆರಳುಗಳು ಗಡಗಡ ನಡುಗಿದವು. ಡಾಕ್ಟರಮ್ಮನ ಕೈ ಅಲ್ಲೇ ನಿಂತಿತು. ಅತ್ತಿಗೆ ಅವನ ಮಣಿಕಟ್ಟು ಹಿಡಿದು ನೋಡಿದಳು.

"ಇದು ಅದಲ್ಲ. ಅವರದ್ದು ಸುಮ್ನಿದ್ದಾಗ ನಡುಗ್ತಿತ್ತು, ಚಾಚಿದ್ರೆ ನಿಲ್ತಿತ್ತು. ಇವನದ್ದು ಬರೀ ಹೆದರಿಕೆ. ತಗೊಳ್ಳಿ ಡಾಕ್ಟ್ರೇ."

ತಮ್ಮ ಕೈ ಹಿಂದಕ್ಕೆಳೆಯಲಿಲ್ಲ. ಎರಡೇ ನಿಮಿಷದ ಕೆಲಸ. ಪಟ್ಟಿ ಅಂಟಿಸಿ, ಪುಟ್ಟ ಶೀಶೆ ಹಿಡಿದು ಡಾಕ್ಟರಮ್ಮ ಒಳಗೆ ಹೋದರು. ಅವನ ಕೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅತ್ತಿಗೆ ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತ ಕೂತಿದ್ದಳು.