ಮುಳ್ಳು ತಾನೇ ಏಳುವ ಪ್ಲೇಯರ್

ನಮ್ಮ ಮನೆಯವರು ತಿಕೋಟಾ ಹೈಸ್ಕೂಲಿನಲ್ಲಿ ಚಿತ್ರಕಲೆ ಮಾಸ್ತರರಾಗಿ ನಿವೃತ್ತರಾದವರು. ಹೆಸರು ಚಂದ್ರಶೇಖರ. ನಾನು ಬಾಯಿಬಿಟ್ಟು ಕರೆದವಳಲ್ಲ, ಇಲ್ಲಿ ಬರೆದೆ ಅಷ್ಟೆ. ಹಟದಲ್ಲಿ ಅವರನ್ನು ಮೀರಿಸುವವರು ಈ ವಿಜಯಪುರದಲ್ಲಿ ಯಾರೂ ಇಲ್ಲ, ನನ್ನೊಬ್ಬಳನ್ನು ಬಿಟ್ಟರೆ.

ಈಚೆಗೆ ಅವರ ಕೈ ನಡುಗುತ್ತದೆ. ಕಪ್ಪು-ಬಸಿ ಸದ್ದು ಮಾಡಿದರೆ ಮಾಡಲಿ, ಆದರೆ ರಿಕಾರ್ಡಿನ ಮೇಲೆ ಮುಳ್ಳಿಡುವಾಗ ಅದು ಜಾರಿ ಗೀರು ಬೀಳುತ್ತಿತ್ತು. ಒಂದು ದಿನ ಅವರಿಗೆ ಬಹಳ ಇಷ್ಟದ ರಿಕಾರ್ಡೇ ಹಾಗೆ ಕೆಟ್ಟಿತು. ಬೆಕ್ಕು ಹಾರಿತು ಎಂದರು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಅಂದಿನಿಂದ ರಿಕಾರ್ಡ್ ಪ್ಲೇಯರಿಗೆ ಟವೆಲ್ ಹೊದಿಸಿಟ್ಟರು.

ಸಂಜೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಪಡಸಾಲೆಯಲ್ಲಿ ಹಾಡು ಇರಬೇಕು, ಅದು ನಮ್ಮ ಮನೆಯ ರೂಢಿ. ಹಾಡು ಮುಗಿಯುವ ಹೊತ್ತಿಗೆ ಅವರಿಗೆ ಕುರ್ಚಿಯಲ್ಲೇ ನಿದ್ದೆ. ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಅನ್ನುತ್ತ ಸುತ್ತುತ್ತಿತ್ತು. ನಾನು ಬೈದುಕೊಳ್ಳುತ್ತ ಹಿಟ್ಟಿನ ಕೈಯಲ್ಲೇ ಬಂದು ಮುಳ್ಳೆತ್ತಿಟ್ಟು, ಅವರ ಕನ್ನಡಕ ತೆಗೆದಿಟ್ಟು ಹೋಗುತ್ತಿದ್ದೆ. ಟವೆಲ್ ಹೊದಿಸಿದ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೊಂದೇ.

ಸಿದ್ಧೇಶ್ವರ ಗುಡಿಯ ಹತ್ತಿರ ರೇಡಿಯೊ ಅಂಗಡಿ ಇಟ್ಟಿರುವ ಯುನುಸ ಇವರ ಹಳೆಯ ವಿದ್ಯಾರ್ಥಿ. ಗುಂಡಿ ಒತ್ತಿದರೆ ತಾನೇ ಹಾಡುವ ಪ್ಲೇಯರ್ ಬಂದಿದೆ ಎಂದು ಅವನು ನನಗೆ ಹೇಳಿದ. ಇವರು ಸುತಾರಾಂ ಒಲ್ಲೆ ಎಂದರು. ನಾನು ಬಿಡದೆ ಕರೆದುಕೊಂಡು ಹೋದೆ.

ಯುನುಸ ಎರಡು ಪ್ಲೇಯರ್ ಮುಂದಿಟ್ಟ. “ಇದರೊಳಗ ಮುಳ್ಳ ನೀವ ಇಡಬೇಕ್ರಿ ಸರ್. ಇನ್ನೊಂದು ಪೂರಾ ಆಟೋಮ್ಯಾಟಿಕ್ ಐತ್ರಿ. ತಾನ ಇಡತೈತಿ, ಹಾಡ ಮುಗಿದ ಮ್ಯಾಲ ತಾನ ಎತ್ತಿ ಬಂದ್ ಆಗತೈತಿ.”

“ಮೊದಲನೇದ ಸಾಕು,” ಎಂದರು ಇವರು.

“ಹಂಗಾರ ಒಮ್ಮೆ ಹಚ್ಚಿ ನೋಡ್ರಿ ಸರ್,” ಎಂದು ಯುನುಸ ಅದರ ಮೇಲೆ ಒಂದು ರಿಕಾರ್ಡ್ ಇಟ್ಟ.

ಪಾಪ, ಅವನಿಗೇನು ಗೊತ್ತು. ಅವನಿಗೆ ನೆಟ್ಟಗೆ ಗೆರೆ ಎಳೆಯಲು ಕಲಿಸಿದ ಕೈ ಅದು. ಇವರು ಅದನ್ನು ಪ್ಯಾಂಟಿನ ಕಿಸೆಯಿಂದ ಹೊರಗೆ ತೆಗೆಯಲೇ ಇಲ್ಲ. ನನಗೆ ನೋಡಲಾಗಲಿಲ್ಲ.

“ಎರಡನೇದ ಕೊಡಪಾ ಯುನುಸ,” ಎಂದೆ. “ಇವರು ಹೊರಗ ಹೋದಾಗ ನಾನೂ ಹಾಡ ಕೇಳಬೇಕು. ನನಗ ಮುಳ್ಳ ಮುಟ್ಟಾಕ ಬರಂಗಿಲ್ಲ.”

ಇವರು ನನ್ನ ಮುಖವನ್ನೇ ನೋಡಿದರು.

ಅಂದು ಸಂಜೆ ಹೊಸ ಪ್ಲೇಯರಿನ ಗುಂಡಿ ಒತ್ತಿದವರು ಇವರೇ. ಬೆರಳು ನಡುಗಿತು, ಗುಂಡಿಗೆ ಅದರ ಹಂಗಿಲ್ಲ. ಮುಳ್ಳು ಮೆಲ್ಲಗೆ ಇಳಿದು ಹಾಡು ಬಂತು. ನನಗೆ ಕಣ್ಣು ತುಂಬಿ ಬಂತು. ಒಳಗೆ ಹೋಗಿ ರೊಟ್ಟಿಗೆ ಕೂತೆ.

ಹಾಡು ಮುಗಿಯಿತು. ಟಕ್ ಎಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಏಳಲು ಹೋದವಳು, ಇನ್ನು ಅಲ್ಲಿ ನನಗೇನು ಕೆಲಸ ಎಂದು ಮತ್ತೆ ಕೂತೆ.

“ಏ, ಬಾ ಇಲ್ಲೆ,” ಎಂದು ಕೂಗಿದರು.

ಹೋಗಿ ಬಾಗಿಲಲ್ಲಿ ನಿಂತೆ. “ಯಾಕ್ರಿ, ಇವತ್ತ ನಿದ್ದಿ ಬರಲಿಲ್ಲೇನು?”

“ನನಗ ಯಾವತ್ತ ನಿದ್ದಿ ಬಂದಿತ್ತು?” ಎಂದರು, ನನ್ನ ಕಡೆ ನೋಡದೆ. “ನೀ ಬಂದ ಕನ್ನಡಕ ತಗೀಲಿ ಅಂತ ಕಣ್ಣ ಮುಚ್ಚಿ ಕುಂಡರತಿದ್ದೆ. ಮುಳ್ಳ ತಾನ ಎದ್ದರ ನೀ ಯಾಕ ಬರ್ತಿ? ಅದಕ್ಕ ಇದು ಬ್ಯಾಡ ಅಂದಿದ್ದೆ.”

ಇಷ್ಟು ವರ್ಷ ನಾನು ಬೈದದ್ದನ್ನೆಲ್ಲ ಈ ಮನುಷ್ಯ ಎಚ್ಚರವಿದ್ದೇ ಕೇಳಿಸಿಕೊಂಡಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೋಗಿ ಒಲೆ ಆರಿಸಿದೆ, ಬಂದು ರಿಕಾರ್ಡ್ ಮಗುಚಿ ಹಾಕಿ ಗುಂಡಿ ಒತ್ತಿದೆ, ಅವರ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತೆ. ಇವರು ತಕ್ಷಣ ಕಣ್ಣು ಮುಚ್ಚಿದರು.

ಹಾಡು ಮುಗಿಯುವವರೆಗೆ ನಾನು ಕಾಯಲಿಲ್ಲ. ಹಿಟ್ಟಿನ ಕೈಯಲ್ಲೇ ಕನ್ನಡಕ ತೆಗೆದೆ.