ಆರಡಿ ಐದಿಂಚಿನ ಅಪ್ಪ

ವರ್ಲೀನ್ ಟಾಲ್ಬರ್ಟ್ ಆ ಸಂಜೆ ತನ್ನ ಸತ್ತ ಗಂಡನ ಜಾಗದಲ್ಲಿ ಚರ್ಚಿನ ಹಿರಿಯ, ಡೀಕನ್ ಲಿಯಾಂಡರನನ್ನು ತಂದು ಕೂರಿಸಿದ್ದಳು. ಬೇರೆ ದಾರಿ ಇರಲಿಲ್ಲ. ಫುಟ್‌ಬಾಲ್ ಆಡುವ ಹುಡುಗರನ್ನು ಪುಕ್ಕಟೆ ಓದಿಸುವ ಅಲಬಾಮಾದ ಕಾಲೇಜುಗಳೆಲ್ಲ ಅವಳ ಮಗ ಕೆಡ್ರಿಕ್‌ನನ್ನು ನೋಡಿ ಒಂದೊಂದಾಗಿ ಕೈಬಿಟ್ಟಿದ್ದವು. ಉಳಿದದ್ದು ಕೋಚ್ ಮ್ಯಾಬ್ರಿಯ ಕಾಲೇಜೊಂದೇ. ಇವರೂ ಬೇಡವೆಂದರೆ ಹುಡುಗನಿಗೆ ಆಟವೂ ಇಲ್ಲ, ಓದೂ ಇಲ್ಲ. ಅವಳು ಕೋಳಿ ಕತ್ತರಿಸುವ ಕಾರ್ಖಾನೆಯಲ್ಲೇ ಅವನೂ ಅವಳ ಪಕ್ಕ ಚೂರಿ ಹಿಡಿದು ನಿಲ್ಲಬೇಕು.

ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡೆಸೆಯುವವನ ಮುಂದೆ ಗೋಡೆಯಾಗಿ ನಿಲ್ಲುವ ಐವರನ್ನು ಆರಿಸುವುದರಲ್ಲಿ ಮ್ಯಾಬ್ರಿ ಎತ್ತಿದ ಕೈ. ಹುಡುಗನ ತೋಳು, ಅಂಗೈ, ತೊಡೆ ಎಲ್ಲ ನೋಡಿಯಾದ ಮೇಲೆ ಅಪ್ಪನನ್ನೂ ನೋಡುತ್ತಾರೆ. ಹದಿನೇಳರ ಹುಡುಗ ಇನ್ನೆಷ್ಟು ಬೆಳೆದಾನು ಅನ್ನುವುದು ಅಪ್ಪನ ಮೈ ನೋಡಿದರೆ ತಿಳಿಯುತ್ತದಂತೆ. ಕೆಡ್ರಿಕ್ ಆರಡಿ ಎರಡಿಂಚು. ಮ್ಯಾಬ್ರಿಗೆ ಇನ್ನೂ ಮೂರಿಂಚು ಬೇಕು. ಲಿಯಾಂಡರ್ ಆರಡಿ ಐದು. ಗಂಡ ಸತ್ತದ್ದು ಕೆಡ್ರಿಕ್ ಕೈಗೂಸಾಗಿದ್ದಾಗ, ದೂರದ ಅರ್ಕನ್ಸಾಸಿನಲ್ಲಿ, ಮ್ಯಾಬ್ರಿಗೆ ಅದೆಲ್ಲಿ ಗೊತ್ತಾಗಬೇಕು? ಆದದ್ದಾಗಲಿ ಎಂದು ವರ್ಲೀನ್ ಹೋಗಿ ಲಿಯಾಂಡರನನ್ನು ಕೇಳಿದ್ದಳು. ಆ ದೇವರಂಥ ಮನುಷ್ಯ ವಾರವಿಡೀ ಪ್ರಾರ್ಥನೆ ಮಾಡಿ, ಬಾಯಿಬಿಟ್ಟು ಸುಳ್ಳು ಹೇಳುವುದಿಲ್ಲ, ಬಂದು ಕೂರುತ್ತೇನೆ ಅಷ್ಟೇ ಎಂದು ಒಪ್ಪಿದ್ದ. ಪಾಪಕ್ಕೂ ಪುಣ್ಯಕ್ಕೂ ನಡುವೆ ಇಂಥ ಸಂದು ಹುಡುಕುವವರು ಎಲ್ಲ ಚರ್ಚಿನಲ್ಲೂ ಇರುತ್ತಾರೆ.

ಹೆಣ್ಣು ನೋಡಲು ಬಂದವರ ಹಾಗೆ ಮ್ಯಾಬ್ರಿ ಹುರಿದ ಮೀನು, ಕೇಕು ತಿಂದರು. ಕೆಡ್ರಿಕ್‌ನನ್ನು ಕುಕ್ಕರಗಾಲಲ್ಲಿ ಕೂರಿಸಿ ಏಳಿಸಿದರು. ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸುತ್ತಾನೆ ಎಂದು ಮೆಚ್ಚಿದರು. ಲಿಯಾಂಡರನ ಮೇಲೆ ಅಡಿಯಿಂದ ಮುಡಿಯವರೆಗೆ ಕಣ್ಣಾಡಿಸಿ ನಕ್ಕರು. ಗೆದ್ದೆ ಎಂದೇ ವರ್ಲೀನ್ ಅಂದುಕೊಂಡಳು.

ಕೈ ಕುಲುಕಲು ಲಿಯಾಂಡರ್ ಎದ್ದ. ಎದ್ದ ಅಂದರೆ, ಸೋಫಾ ಹಿಡಿದು, ಹಲ್ಲು ಕಚ್ಚಿ, ಎರಡು ಸಲ ಕುಸಿದು ಎದ್ದ. ಮ್ಯಾಬ್ರಿಯ ನಗು ನಿಂತಿತು.

"ಮಂಡಿ ಯಾವಾಗ ಹೋಯ್ತು ಸಾರ್?"

"ಇಪ್ಪತ್ತೆರಡಕ್ಕೇ. ನಮ್ಮಪ್ಪಂಗೂ ನಮ್ಮಣ್ಣಂಗೂ ಹಿಂಗೇನೇ," ಅಂದ ಆ ಸತ್ಯವಂತ.

ಮ್ಯಾಬ್ರಿ ಟೋಪಿ ಎತ್ತಿಕೊಂಡರು. ಮಂಡಿನೋವು ವಂಶದಲ್ಲೇ ಇದ್ದರೆ ತಾನೇನು ಮಾಡಲಿ ಎಂದು ಮೆತ್ತಗೆ ಹೇಳಿದರು. ವರ್ಲೀನ್ ಓಡಿ ಬಾಗಿಲಿಗೆ ಅಡ್ಡ ನಿಂತಳು. ಮಾನ ಮರ್ಯಾದೆ ಯಾವುದೂ ಅವಳಿಗೆ ಆಗ ಬೇಕಿರಲಿಲ್ಲ.

"ಇವ್ರು ಅವನ ಅಪ್ಪ ಅಲ್ಲ ಕೋಚ್. ನಾನೇ ಕರ್ಕೊಂಬಂದು ಕೂರಿಸ್ದೆ. ಅವನಪ್ಪ ಸಾಯೋವರೆಗೂ ಲಾರಿಗೆ ಮೂಟೆ ಹೊತ್ತ. ಒಂದಿನ ಮಂಡಿ ನೋವು ಅಂದೋನಲ್ಲ."

ಮ್ಯಾಬ್ರಿ ಬೈಯಲಿಲ್ಲ. ಇಂಥ ತಾಯಂದಿರನ್ನು ಅವರು ಬೇಕಾದಷ್ಟು ನೋಡಿದ್ದರು.

"ಅವ್ರು ಎಷ್ಟು ಎತ್ತರ ಇದ್ರಮ್ಮ?"

ಆರಡಿ ನಾಲ್ಕು ಅನ್ನಬೇಕೆಂದುಕೊಂಡಳು. ಆದರೆ ಒಮ್ಮೆ ಸುಳ್ಳಿ ಅನ್ನಿಸಿಕೊಂಡವಳ ಮಾತನ್ನು ಇನ್ನು ಯಾರು ನಂಬುತ್ತಾರೆ?

"ಐದಡಿ ಆರಿಂಚು."

"ಹಂಗಾದ್ರೆ ಇವನು ಇನ್ನು ಬೆಳೆಯಲ್ಲಮ್ಮ."

ಅವಳು ಬಾಗಿಲು ಬಿಟ್ಟಳು. ಕಾರು ಹೋಯಿತು. ಲಿಯಾಂಡರ್ ತಲೆ ತಗ್ಗಿಸಿ ಕೂತಿದ್ದ. ಕೆಡ್ರಿಕ್ ಮಾತ್ರ ತಾಯಿಯನ್ನೇ ನೋಡುತ್ತಿದ್ದ.

"ಅಪ್ಪ ಬ್ರದರ್ ಲಿಯಾಂಡರಷ್ಟೇ ಎತ್ತರ ಇದ್ರು ಅಂತಿದ್ದೆ ನೀನು. ನೀನೂ ಇನ್ನೂ ಬೆಳೀತೀಯ ಅಂತಿದ್ದೆ."

"ಅಂತಿದ್ದೆ, ಮಗಾ."

ಸಂಜೆಯಿಡೀ ಸೆಟೆಸಿಟ್ಟುಕೊಂಡಿದ್ದ ಬೆನ್ನನ್ನು ಹುಡುಗ ಸಡಿಲ ಬಿಟ್ಟ. ಹಾಗೆ ನಿಂತಾಗ ಅವನು ಆರಡಿ ಎರಡಕ್ಕೂ ಒಂದಿಂಚು ಕಡಿಮೆಯೇ ಇದ್ದ.